ಆಸ್ರವದ್ವಾರಗಳೂ ಸಂವರತತ್ತ್ವವೂ: ಬೆಳ್ಗೊಳದ ಸೀಮೆಯಿಂದ ಒಂದು ಸಮೀಕ್ಷೆ

ಕರ್ಮವೆಂದರೆ ಭಾರತದ ಇತರ ದರ್ಶನಗಳಲ್ಲಿ ಬಹುಮಟ್ಟಿಗೆ ಕ್ರಿಯೆ, ಕ್ರಿಯೆಯಿಂದುಂಟಾದ ಸಂಸ್ಕಾರ ಅಥವಾ ಅದೃಷ್ಟವೆಂಬ ಅಮೂರ್ತಶಕ್ತಿ. ಜೈನದರ್ಶನವಾದರೋ ಅದನ್ನು ಪುದ್ಗಲವೆಂದು, ಎಂದರೆ ಲೋಕಾಕಾಶವನ್ನೆಲ್ಲ ವ್ಯಾಪಿಸಿಕೊಂಡಿರುವ ಅತಿಸೂಕ್ಷ್ಮವಾದ ಜಡದ್ರವ್ಯವೆಂದು ಗ್ರಹಿಸಿ, ಜೀವನು ಮನಸ್ಸು ಮಾತು ಮೈಗಳಿಂದ ಸ್ಪಂದಿಸಿದಾಗಲೆಲ್ಲ ಆ ದ್ರವ್ಯವು ಅವನತ್ತ ಹರಿದುಬರುವುದೆಂದೂ ಕ್ರೋಧ ಮಾನ ಮಾಯೆ ಲೋಭಗಳೆಂಬ ಕಷಾಯಗಳ ಅಂಟಿನಿಂದ ಅವನಲ್ಲಿ ನೆಲೆನಿಲ್ಲುವುದೆಂದೂ ಹೇಳಿತು. ಈ ಒಂದು ಗ್ರಹಿಕೆಯಿಂದ ಮೋಕ್ಷಶಾಸ್ತ್ರದ ಸ್ವರೂಪವೇ ಬದಲಾಯಿತು. ಬಂಧನವು ದ್ರವ್ಯದ ಶೇಖರಣೆಯಾದ ಮೇಲೆ ಬಿಡುಗಡೆಗೆ ಎರಡು ಕಾರ್ಯಗಳು ಆವಶ್ಯಕವಾಗುತ್ತವೆ: ಹೊಸತು ಒಳಬರದಂತೆ ತಡೆಯುವುದು ಒಂದು, ಒಳಗಿರುವ ಹಳೆಯದನ್ನು ಉದುರಿಸುವುದು ಮತ್ತೊಂದು. ಹರಿದುಬರುವುದಕ್ಕೆ ಆಸ್ರವವೆಂದೂ ತಡೆಯುವುದಕ್ಕೆ ಸಂವರವೆಂದೂ ಉದುರಿಸುವುದಕ್ಕೆ ನಿರ್ಜರೆಯೆಂದೂ ಹೆಸರು. ಜೀವ, ಅಜೀವ, ಆಸ್ರವ, ಬಂಧ, ಸಂವರ, ನಿರ್ಜರಾ, ಮೋಕ್ಷಗಳೆಂಬ ಏಳು ತತ್ತ್ವಗಳಲ್ಲಿ ಸಂವರವು ಐದನೆಯದು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳಲ್ಲಿ ಒಂಬತ್ತನೆಯದು ಅದರ ಲಕ್ಷಣದಿಂದಲೇ ಆರಂಭವಾಗುತ್ತದೆ.

ಲಕ್ಷಣವು ಸರಳವಾದರೂ ಅದರ ಹಿಂದಿರುವ ಪ್ರಶ್ನೆಗಳು ಸರಳವಲ್ಲ. ತಡೆಯತಕ್ಕದ್ದು ಯಾವುದು, ಯಾವ ಸಾಧನದಿಂದ, ಯಾರಲ್ಲಿ, ಎಷ್ಟರಮಟ್ಟಿಗೆ ಎಂಬುವನ್ನು ಕುರಿತು ಆಚಾರ್ಯರು ಸಾವಿರ ವರ್ಷಗಳಿಗೂ ಮಿಕ್ಕು ವಿಚಾರ ಮಾಡಿದ್ದಾರೆ. ಆ ವಿಚಾರದ ಒಂದು ಮುಖ್ಯಭಾಗವು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವಣ ನಮ್ಮ ಈ ಸೀಮೆಯಲ್ಲಿಯೇ, ಶ್ರವಣಬೆಳ್ಗೊಳದ ಎರಡು ಬೆಟ್ಟಗಳ ನೆರಳಿನಲ್ಲಿಯೇ, ರೂಪುಗೊಂಡಿತೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿ. ವೀರಬಲ್ಲಾಳನ ಮಂತ್ರಿ ಬೂಚಿಮಯ್ಯನು 1173ರಲ್ಲಿ ಕಟ್ಟಿಸಿದ ಮರ್ಕುಲಿಯ ಬಸದಿ, 1133ರ ಹಳೇಬೀಡಿನ ಪಾರ್ಶ್ವನಾಥ ಬಸದಿ ಮೊದಲಾದುವು ಆ ವಿಚಾರಪರಂಪರೆಗೆ ಆಶ್ರಯವಾಗಿದ್ದ ಸಮಾಜದ ಸಾಕ್ಷಿಗಳು. ಸಂವರವನ್ನು ವಿವರಿಸಲು ಪ್ರಾಚೀನರು ಕೊಟ್ಟ ದೃಷ್ಟಾಂತವೂ ಕಟ್ಟಾಯ ಹೋಬಳಿಯ ಬೇಸಾಯಗಾರನಿಗೆ ಹೊಸತಾಗಿ ಹೇಳಿಕೊಡಬೇಕಾದುದಲ್ಲ: ಕೆರೆಯನ್ನು ಬರಿದುಮಾಡಬೇಕಾದವನು ಮೊದಲು ನೀರು ಬರುವ ಕಾಲುವೆಯನ್ನು ಕಟ್ಟಬೇಕು, ಅನಂತರ ಇರುವ ನೀರನ್ನು ಎತ್ತಿ ಚೆಲ್ಲಬೇಕು, ಉಳಿದುದನ್ನು ಬಿಸಿಲು ಹೀರುತ್ತದೆ. ಕಾಲುವೆ ಹರಿಯುತ್ತಿರುವಾಗ ಎಷ್ಟು ಏತ ಹೂಡಿದರೂ ಕೆರೆ ಬತ್ತದು.

ಮೊದಲು ಕಾಲುವೆಯ ವಿಚಾರ. ಮನೋವಾಕ್ಕಾಯಗಳ ಸ್ಪಂದನಕ್ಕೆ ಜೈನರು ಯೋಗವೆಂಬ ಹೆಸರನ್ನಿಟ್ಟಿದ್ದಾರೆ. ಪತಂಜಲಿಯ ಯೋಗಕ್ಕೂ ಇದಕ್ಕೂ ಸಂಬಂಧವಿಲ್ಲ, ಅಲ್ಲಿ ಯಾವುದು ಸಾಧನವೋ ಇಲ್ಲಿ ಅದೇ ಹೆಸರಿನದು ನಿರೋಧಿಸತಕ್ಕ ವಸ್ತು. ಯೋಗದಿಂದ ಕರ್ಮದ ಪ್ರಕೃತಿಯೂ ಪ್ರದೇಶವೂ, ಎಂದರೆ ಅದು ಯಾವ ಜಾತಿಯದು, ಎಷ್ಟು ಪರಿಮಾಣದ್ದು ಎಂಬುದೂ, ಕಷಾಯದಿಂದ ಸ್ಥಿತಿಯೂ ಅನುಭಾಗವೂ, ಎಂದರೆ ಎಷ್ಟು ಕಾಲ ನಿಲ್ಲುವುದು, ಎಷ್ಟು ತೀವ್ರವಾಗಿ ಫಲಿಸುವುದು ಎಂಬುದೂ ನಿರ್ಣಯವಾಗುತ್ತವೆ. ಕಷಾಯವುಳ್ಳವನಿಗೆ ಬರುವುದು ಸಾಂಪರಾಯಿಕವೆಂಬ ಆಸ್ರವ. ಅದು ಸಂಸಾರವನ್ನು ಬೆಳೆಸುತ್ತದೆ. ಕಷಾಯವಳಿದವನಿಗೆ ಬರುವುದು ಈರ್ಯಾಪಥವೆಂಬುದು. ಅದು ಬಂದ ಕ್ಷಣವೇ ನಿಲ್ಲದೆ ಕಳಚಿಹೋಗುತ್ತದೆ. ಬಂಧದ ಕಾರಣಗಳನ್ನು ಸೂತ್ರಕಾರನು ಮಿಥ್ಯಾದರ್ಶನ, ಅವಿರತಿ, ಪ್ರಮಾದ, ಕಷಾಯ, ಯೋಗ ಎಂದು ಐದಾಗಿ ಎಣಿಸಿರುವ ಕ್ರಮದಲ್ಲಿಯೇ ಒಂದು ಅರ್ಥವಿದೆ: ಅವು ಕಳಚಿಬೀಳುವುದೂ ಅದೇ ಕ್ರಮದಲ್ಲಿ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ, ಏಕೆಂದರೆ ಮುಂದಿನ ನಿರ್ಣಯವೆಲ್ಲ ಇದರ ಮೇಲೆಯೇ ನಿಂತಿದೆ.

ಯಾವ ಸಾಧನದಿಂದ ಎಂಬ ಪ್ರಶ್ನೆಗೆ ತತ್ತ್ವಾರ್ಥಸೂತ್ರದ ಉತ್ತರವು ಆಚಾರಪ್ರಧಾನವಾದುದು. ಮೂರು ಗುಪ್ತಿ, ಐದು ಸಮಿತಿ, ಹತ್ತು ಧರ್ಮ, ಹನ್ನೆರಡು ಅನುಪ್ರೇಕ್ಷೆ, ಇಪ್ಪತ್ತೆರಡು ಪರೀಷಹಗಳ ಜಯ, ಐದು ಚಾರಿತ್ರ, ಒಟ್ಟು 57 ಭೇದಗಳು. ಮನೋವಾಕ್ಕಾಯಗಳನ್ನು ಅಡಗಿಸಿಕೊಳ್ಳುವುದು ಗುಪ್ತಿ; ಅಡಗಿಸಲಾಗದೆ ನಡೆಯಲೇಬೇಕಾದಾಗ, ನುಡಿಯಲೇಬೇಕಾದಾಗ, ಉಣ್ಣಲೇಬೇಕಾದಾಗ ಜಾಗರೂಕನಾಗಿರುವುದು ಸಮಿತಿ. ಮುನಿಯು ನಾಲ್ಕು ಮೊಳದ ದೂರ ನೆಲವನ್ನು ನೋಡುತ್ತ ನಡೆಯುವುದೂ, ಕಮಂಡಲುವನ್ನು ಎತ್ತುವ ಮುನ್ನ ಇಡುವ ಮುನ್ನ ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಒರಸುವುದೂ ಸಮಿತಿಯ ಪ್ರತ್ಯಕ್ಷರೂಪಗಳಾಗಿ ಬೆಳ್ಗೊಳಕ್ಕೆ ಹೋದವರೆಲ್ಲ ಕಂಡಿರತಕ್ಕವು. ಉತ್ತಮಕ್ಷಮೆಯಿಂದ ಉತ್ತಮಬ್ರಹ್ಮಚರ್ಯದವರೆಗಿನ ಹತ್ತು ಧರ್ಮಗಳು ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣಪರ್ವವಾಗಿ ಶ್ರಾವಕರ ಮನೆಗಳಿಗೂ ಇಳಿದು ಬಂದಿವೆ.

ಅನುಪ್ರೇಕ್ಷೆ ಪರೀಷಹಗಳ ಮೇಲೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡ ಸಾಹಿತ್ಯವು ಈ ಎರಡನ್ನೂ ತನ್ನದಾಗಿಸಿಕೊಂಡಿದೆ. ಅನಿತ್ಯತೆ, ಅಶರಣತೆ, ಏಕತ್ವ ಮೊದಲಾದುವನ್ನು ಮತ್ತೆ ಮತ್ತೆ ಭಾವಿಸುವುದು ಅನುಪ್ರೇಕ್ಷೆ. ಆಸ್ರವ ಸಂವರಗಳೂ ಆ ಹನ್ನೆರಡರಲ್ಲಿ ಸೇರಿವೆಯಾಗಿ, ತಡೆಯ ವಿಷಯವನ್ನು ಚಿಂತಿಸುವುದೇ ತಡೆಯ ಒಂದು ಸಾಧನವೆಂಬ ಅಪೂರ್ವವಾದ ಮಾತು ಇಲ್ಲಿ ಅಂತರ್ಗತವಾಗಿದೆ. ಬೆಳ್ಗೊಳದ ಚಿಕ್ಕಬೆಟ್ಟದ ಮೇಲೆ 7ನೆಯ ಶತಮಾನದ ಅಂತ್ಯದ ಸುಮಾರಿಗೆ ಕೊರೆದ ನಂದಿಸೇನಮುನಿಯ ಶಾಸನವು ರೂಪ, ಭೋಗ, ಐಶ್ವರ್ಯ, ಅಧಿಕಾರಗಳನ್ನು ಕಾಮನಬಿಲ್ಲಿಗೂ ಮಿಂಚಿಗೂ ಮಂಜಿಗೂ ಹೋಲಿಸಿ, ಹೀಗೆ ಅರಿತ ಮುನಿಯು ಸನ್ಯಸನವನ್ನು ಕೈಕೊಂಡನೆಂದು ಹೇಳುತ್ತದೆ. ಕನ್ನಡದ ಅತ್ಯಂತ ಪ್ರಾಚೀನ ಪದ್ಯಗಳಲ್ಲೊಂದು ಶುದ್ಧ ಅನಿತ್ಯಾನುಪ್ರೇಕ್ಷೆಯಾಗಿದೆಯೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಛಂದಸ್ಸಿನ ವಿಚಾರದಲ್ಲಿ ಮುಳುಗಿ ಸಾಕಷ್ಟು ಒತ್ತಿ ಹೇಳಿಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿ ಕಾವ್ಯವೂ ಸಾಧನೆಯೂ ಬೇರೆಯಾಗಿಲ್ಲ.

ಹಸಿವು, ನೀರಡಿಕೆ, ಶೀತ, ಉಷ್ಣ, ಸೊಳ್ಳೆ ನೊಣಗಳ ಕಡಿತ, ನಗ್ನತೆ, ರೋಗ, ಬೈಗುಳ, ಸತ್ಕಾರ, ಪ್ರಜ್ಞೆ, ಅಜ್ಞಾನ ಮೊದಲಾದ ಇಪ್ಪತ್ತೆರಡು ಪರೀಷಹಗಳಲ್ಲಿ ಒಬ್ಬನಲ್ಲಿ ಏಕಕಾಲಕ್ಕೆ 19ರವರೆಗೆ ಸಂಭವಿಸಬಹುದೆಂದು ಸೂತ್ರಕಾರನು ಲೆಕ್ಕ ಹಾಕಿದ್ದಾನೆ. ಶೀತವಿರುವಲ್ಲಿ ಉಷ್ಣವಿರದು, ನಡಿಗೆ ಆಸನ ಶಯನಗಳಲ್ಲಿ ಒಂದಿರುವಾಗ ಉಳಿದೆರಡಿರವು. ಬೈಗುಳದ ಜೊತೆಗೆ ಸತ್ಕಾರವನ್ನೂ, ಅಜ್ಞಾನದ ಜೊತೆಗೆ ಪಾಂಡಿತ್ಯವನ್ನೂ ಸಹಿಸತಕ್ಕ ಕಷ್ಟಗಳೆಂದು ಎಣಿಸಿದ ಈ ಸೂಕ್ಷ್ಮದೃಷ್ಟಿಯು ಮನಶ್ಶಾಸ್ತ್ರಜ್ಞರ ಮೆಚ್ಚುಗೆಗೆ ಅರ್ಹವಾದುದು. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿಕೊಟ್ಟ ವಡ್ಡಾರಾಧನೆಯ 19 ಕಥೆಗಳು ಬಹುಮಟ್ಟಿಗೆ ಈ ಪರೀಷಹಗಳ, ಉಪಸರ್ಗಗಳ ಕಥೆಗಳೇ. ಮೃದುವಾದ ಹಾಸಿನ ಮೇಲೆ ಸಾಸಿವೆ ಒತ್ತಿದರೂ ನೋಯುತ್ತಿದ್ದ ಸುಕುಮಾರನು ಮರಿಗಳೊಡನೆ ಬಂದ ನರಿಯು ತನ್ನ ಮೈಯನ್ನು ತಿನ್ನುತ್ತಿರುವಾಗ ಅಲುಗದೆ ಇದ್ದನು; ರೂಪಕ್ಕೆ ಹೆಸರಾಗಿದ್ದ ಸನತ್ಕುಮಾರಚಕ್ರವರ್ತಿ ವ್ಯಾಧಿಗಳನ್ನು ಔಷಧವಿಲ್ಲದೆ ಸಹಿಸಿದನು. ಇವನ್ನು ಓದಿ ದೇಹದಂಡನೆಯ ವೈಭವೀಕರಣವೆಂದು ಹಿಂಜರಿಯುವವರುಂಟು. ಆದರೆ ಸಂವರದ ದೃಷ್ಟಿಯಿಂದ ಕಥೆಯ ತಿರುಳು ನೋವಿನಲ್ಲಿಲ್ಲ. ನೋವು ಒದಗಿದಾಗ ಅದಕ್ಕೆ ಪ್ರತಿಯಾಗಿ ಏಳಬೇಕಾದ ದ್ವೇಷವು ಏಳಲಿಲ್ಲವೆಂಬಲ್ಲಿದೆ. ನರಿಯ ಹಲ್ಲು ಹಳೆಯ ಕರ್ಮದ ಫಲ. ನರಿಯ ಮೇಲಣ ಕೋಪವಾದರೋ ಹೊಸ ಕರ್ಮದ ಬಾಗಿಲು.

ಇದೇ ವಿವೇಕವು ದೊಡ್ಡಬೆಟ್ಟದ ಗೊಮ್ಮಟನಲ್ಲಿ ಇನ್ನೂ ಸ್ಫುಟವಾಗಿ ಕಾಣುತ್ತದೆ. ಚಾವುಂಡರಾಯನು 981ರ ಸುಮಾರಿಗೆ ಮಾಡಿಸಿದ, ಸುಮಾರು 57 ಅಡಿ ಎತ್ತರದ ಆ ಮೂರ್ತಿಯು ಕಾಯೋತ್ಸರ್ಗದಲ್ಲಿ ನಿಂತಿದೆ; ಕಾಲ ಬಳಿ ಹುತ್ತ, ತೊಡೆ ತೋಳುಗಳಿಗೆ ಮಾಧವೀಲತೆ. ಕಾಯಗುಪ್ತಿಗೆ ಇದಕ್ಕಿಂತ ಪೂರ್ಣವಾದ ರೂಪವನ್ನು ಕಲ್ಲಿನಲ್ಲಿ ಯಾರೂ ಕಡೆದಿಲ್ಲ. ಆದರೂ ವರ್ಷವೊಂದು ಹಾಗೆ ನಿಂತ ಗೊಮ್ಮಟನಿಗೆ ಕೇವಲಜ್ಞಾನವು ಬಾರದೆ ಹೋದುದೇಕೆ? ತನ್ನಿಂದ ಅಣ್ಣ ಭರತನಿಗೆ ಕ್ಲೇಶವಾಯಿತೆಂಬ ಒಂದು ಸೂಕ್ಷ್ಮಚಿಂತೆ ಅವನಲ್ಲಿ ಉಳಿದಿತ್ತೆಂದೂ, ಭರತನು ಬಂದು ಪೂಜಿಸಿದಾಗ ಅದು ಕರಗಿತೆಂದೂ ಜಿನಸೇನರ ಆದಿಪುರಾಣದ ಕಥನ. ತಾನು ನಿಂತಿರುವ ನೆಲ ಭರತನದೆಂಬ ಶಲ್ಯವಿತ್ತೆಂದು ಜನರ ಬಾಯಿಯಲ್ಲಿ ಬಂದ ಕಥನ. ಎರಡರಲ್ಲಿ ಯಾವುದನ್ನು ಹಿಡಿದರೂ ಸಿದ್ಧಾಂತವೊಂದೇ: ಮೈಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಮನಸ್ಸಿನ ಬಾಗಿಲು ಮುಚ್ಚಿದಂತಾಗದು. ಸಂವರವನ್ನು ನಿಷ್ಕ್ರಿಯತೆಯೆಂದು ತಿಳಿಯುವವರಿಗೆ ಈ ಸೀಮೆಯ ಅತಿದೊಡ್ಡ ವಿಗ್ರಹವೇ ಉತ್ತರ ಹೇಳುತ್ತಿದೆ.

ಇಲ್ಲಿಂದ ಮುಂದೆ ಒಂದು ತೊಡಕು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ವ್ರತಗಳನ್ನು ತತ್ತ್ವಾರ್ಥಸೂತ್ರವು ಸಂವರದ ಅಧ್ಯಾಯದಲ್ಲಿ ಹೇಳದೆ ಆಸ್ರವಕ್ಕೆ ಸೇರಿದ ಏಳನೆಯ ಅಧ್ಯಾಯದಲ್ಲಿ ಹೇಳಿದೆ. ಬಾಗಿಲನ್ನು ಮುಚ್ಚಬೇಕಾದ ವ್ರತವು ಬಾಗಿಲಿನ ಪ್ರಕರಣದಲ್ಲಿ ಏಕೆ ಬಂದಿತು? ಪೂಜ್ಯಪಾದನು ಆ ಸೂತ್ರದ ಟೀಕೆಯಾದ ಸರ್ವಾರ್ಥಸಿದ್ಧಿಯಲ್ಲಿ ಈ ಆಕ್ಷೇಪವನ್ನು ತಾನೇ ಎತ್ತಿಕೊಂಡು, ಸಂವರವು ನಿವೃತ್ತಿರೂಪವಾದುದು, ವ್ರತದಲ್ಲಿಯಾದರೋ ಹಿಂಸೆಯನ್ನು ಬಿಡುವುದರ ಜೊತೆಗೆ ದಯೆ ತೋರುವುದು, ಸತ್ಯವನ್ನು ನುಡಿಯುವುದು, ಕೊಟ್ಟುದನ್ನು ಸ್ವೀಕರಿಸುವುದು ಎಂಬ ಪ್ರವೃತ್ತಿಯೂ ಕಾಣುವುದರಿಂದ ಅದು ಶುಭಾಸ್ರವ, ಗುಪ್ತಿ ಮೊದಲಾದುವಕ್ಕೆ ಪೂರ್ವಸಿದ್ಧತೆ ಎಂದು ಸಮಾಧಾನ ಹೇಳಿದನು. ದ್ರವ್ಯಸಂಗ್ರಹವು ಇದನ್ನು ಒಪ್ಪದೆಯೋ ಅಥವಾ ಬೇರೆ ನಯದಿಂದಲೋ ವ್ರತಗಳನ್ನು ಸಂವರದ ಪಟ್ಟಿಯ ಮೊದಲಿನಲ್ಲಿಯೇ ಇಟ್ಟಿತು; ಜೊತೆಗೆ, ತಡೆಗೆ ಕಾರಣವಾದ ಚೇತನದ ಪರಿಣಾಮವನ್ನು ಭಾವಸಂವರವೆಂದೂ ಕರ್ಮಪುದ್ಗಲವು ವಾಸ್ತವವಾಗಿ ನಿಲ್ಲುವುದನ್ನು ದ್ರವ್ಯಸಂವರವೆಂದೂ ವಿಂಗಡಿಸಿತು. ಆ ಗ್ರಂಥದ ಕರ್ತೃ ನೇಮಿಚಂದ್ರನು ಗೊಮ್ಮಟಸಾರದ ನೇಮಿಚಂದ್ರನೇ ಎಂಬುದು ಸಂಪ್ರದಾಯ. ಬೇರೊಬ್ಬನೆಂದು ಹಲವು ವಿದ್ವಾಂಸರ ಮತ.

ಕುಂದಕುಂದಾಚಾರ್ಯನ ಸಮಯಸಾರವು ಈ ವಾದವನ್ನೇ ಕೆಳಗೆ ಬಿಟ್ಟು ಮೇಲಕ್ಕೇರುತ್ತದೆ. ಅದರ ಸಂವರಾಧಿಕಾರದಲ್ಲಿ 57 ಭೇದಗಳ ಮಾತಿಲ್ಲ. ಉಪಯೋಗವು, ಎಂದರೆ ಅರಿವು, ಅರಿವಿನಲ್ಲಿಯೇ ಇದೆ, ಕ್ರೋಧದಲ್ಲಿ ಅರಿವಿಲ್ಲ, ಅರಿವಿನಲ್ಲಿ ಕ್ರೋಧವಿಲ್ಲ ಎಂಬ ಭೇದವಿಜ್ಞಾನವೇ ಅಲ್ಲಿ ಸಂವರದ ಮೂಲ. ಪಾಪವು ಕಬ್ಬಿಣದ ಸಂಕೋಲೆಯಾದರೆ ಪುಣ್ಯವು ಹೊನ್ನಿನ ಸಂಕೋಲೆಯೆಂದು ಹೇಳುವ ಆಚಾರ್ಯನಿಗೆ ಶುಭಾಸ್ರವದಿಂದ ತೃಪ್ತಿಯಾಗತಕ್ಕದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ನಯಕೀರ್ತಿದೇವರ ಶಿಷ್ಯನಾದ ಬಾಲಚಂದ್ರಮುನಿಯು ಸಮಯಸಾರಕ್ಕೂ ತತ್ತ್ವಾರ್ಥಸೂತ್ರಕ್ಕೂ ಎರಡಕ್ಕೂ ಕನ್ನಡದಲ್ಲಿ ಟೀಕೆ ಬರೆದನೆಂಬುದು ಇಲ್ಲಿ ಗಮನಾರ್ಹ. ಆಚಾರದ ಸಂವರ, ಅರಿವಿನ ಸಂವರ ಎಂಬ ಎರಡು ಮಾರ್ಗಗಳನ್ನು ವಿರೋಧಿಗಳೆಂದು ಕಾಣುವ ರೂಢಿ ಇಂದು ಬಲವಾಗಿದೆ. ಬೆಳ್ಗೊಳದ ಪರಂಪರೆಯಲ್ಲಿ ಒಬ್ಬನೇ ಗುರುವು ಎರಡನ್ನೂ ಒಂದೇ ಭಾಷೆಯಲ್ಲಿ ಒಂದೇ ಶ್ರಾವಕಸಮುದಾಯಕ್ಕೆ ಬೋಧಿಸಿದನು.

ಎರಡನ್ನೂ ಬೆಸೆಯುವ ಮೂರನೆಯ ಉತ್ತರವು ಗೊಮ್ಮಟಸಾರದ್ದು. ನನ್ನ ದೃಷ್ಟಿಯಲ್ಲಿ ಸಂವರವನ್ನು ಕುರಿತ ಎಲ್ಲ ವಿಚಾರಗಳಲ್ಲಿ ಅತ್ಯಂತ ನಿಷ್ಕೃಷ್ಟವೂ ಅತ್ಯಂತ ಕರುಣಾಮಯವೂ ಆದುದು ಇದೇ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಚಾವುಂಡರಾಯನಿಗಾಗಿ ರಚಿಸಿದ ಈ ಪ್ರಾಕೃತಗ್ರಂಥದ ಕರ್ಮಕಾಂಡವು, ಬಂಧಯೋಗ್ಯವಾದ ಕರ್ಮಪ್ರಕೃತಿಗಳು 120 ಎಂದು ಎಣಿಸಿ, ಜೀವನು ಹದಿನಾಲ್ಕು ಗುಣಸ್ಥಾನಗಳ ಸೋಪಾನವನ್ನೇರುವಾಗ ಯಾವ ಮೆಟ್ಟಿಲಿನ ಕೊನೆಯಲ್ಲಿ ಎಷ್ಟು ಪ್ರಕೃತಿಗಳ ಬರವು ನಿಲ್ಲುವುದೆಂದು ಹೇಳುತ್ತದೆ. ಮೊದಲನೆಯ ಮಿಥ್ಯಾತ್ವದ ಕೊನೆಗೆ 16, ಎರಡನೆಯ ಸಾಸಾದನದ ಕೊನೆಗೆ 25, ಮೂರನೆಯದರಲ್ಲಿ ಯಾವುದೂ ಇಲ್ಲ, ನಾಲ್ಕನೆಯ ಅವಿರತಸಮ್ಯಗ್ದೃಷ್ಟಿಯ ಕೊನೆಗೆ 10, ಐದನೆಯ ದೇಶವಿರತದ ಕೊನೆಗೆ 4, ಆರನೆಯದರಲ್ಲಿ 6, ಏಳನೆಯದರಲ್ಲಿ 1, ಎಂಟನೆಯದರಲ್ಲಿ 36, ಒಂಬತ್ತರಲ್ಲಿ 5, ಹತ್ತರಲ್ಲಿ 16. ಉಳಿದ ಸಾತಾವೇದನೀಯವೊಂದು ಹದಿಮೂರನೆಯ ಸಯೋಗಕೇವಲಿಯವರೆಗೆ ಬರುತ್ತಿದ್ದು ಅಲ್ಲಿಗೆ ನಿಲ್ಲುತ್ತದೆ. ಹದಿನಾಲ್ಕನೆಯ ಅಯೋಗಕೇವಲಿಯಲ್ಲಿ ಸಂವರವು ಸಂಪೂರ್ಣ. ಆದರೆ ಆ ಸ್ಥಾನದ ಅವಧಿ ಐದು ಹ್ರಸ್ವಸ್ವರಗಳನ್ನು ಉಚ್ಚರಿಸುವಷ್ಟು ಕಾಲ ಮಾತ್ರ, ಅದರಾಚೆ ಮೋಕ್ಷ.

ಈ ಅಂಕಿಗಳನ್ನು ಒಣಲೆಕ್ಕವೆಂದು ದಾಟಿಹೋಗದೆ ಸ್ವಲ್ಪ ನಿದಾನಿಸಿ ನೋಡಿದರೆ ಒಂದು ವಿಸ್ಮಯವು ತೋರುತ್ತದೆ. ನಾಲ್ಕನೆಯ ಗುಣಸ್ಥಾನದವನು ಯಾವ ವ್ರತವನ್ನೂ ಕೈಕೊಂಡವನಲ್ಲ, ಅವನ ಹೆಸರೇ ಅವಿರತ, ಅವನಲ್ಲಿರುವುದು ಸಮ್ಯಗ್ದರ್ಶನವೊಂದೇ. ಆದರೂ ಅವನಲ್ಲಿ 120ರಲ್ಲಿ 41 ಬಗೆಯ ಕರ್ಮಗಳ ಬರವು ಆಗಲೇ ನಿಂತಿದೆ. ನರಕಾಯು, ತಿರ್ಯಗಾಯು, ನೀಚಗೋತ್ರ, ಅನಂತಾನುಬಂಧಿಯಾದ ನಾಲ್ಕು ಕಷಾಯಗಳು, ಮಿಥ್ಯಾತ್ವ ಎಲ್ಲವೂ ಆ ಪಟ್ಟಿಯಲ್ಲಿವೆ. ಇದಕ್ಕೆ ಎದುರಾಗಿ, ವ್ರತಿಯಾದ ಗೃಹಸ್ಥನು ಮನೆ ಬಿಟ್ಟು ಮಹಾವ್ರತಿಯಾದಾಗ ಹೊಸದಾಗಿ ನಿಲ್ಲುವುವು ಪ್ರತ್ಯಾಖ್ಯಾನಾವರಣದ ನಾಲ್ಕು ಕಷಾಯಗಳು ಮಾತ್ರ. ಸಂಖ್ಯೆಯು ಬಗೆಗಳನ್ನು ಎಣಿಸುತ್ತದೆಯೇ ಹೊರತು ಭಾರವನ್ನು ತೂಗುವುದಿಲ್ಲ, ಉಳಿದ ಪ್ರಕೃತಿಗಳ ಸ್ಥಿತಿಯೂ ಪಾಪಪ್ರಕೃತಿಗಳ ಅನುಭಾಗವೂ ಮೇಲೇರಿದಂತೆ ಕುಗ್ಗುತ್ತವೆ, ಆದುದರಿಂದ ಮುನಿಧರ್ಮವನ್ನು ನಾಲ್ಕೆಂದು ಅಳೆಯುವುದು ಅನ್ಯಾಯವಾಗುತ್ತದೆ, ನಿಜ. ಆದರೂ ಈ ಸೋಪಾನದ ನಿರ್ಮಾಣದಲ್ಲಿರುವ ಅಭಿಪ್ರಾಯವು ಸ್ಪಷ್ಟ: ತಡೆಯು ದೃಷ್ಟಿಯಿಂದ ಮೊದಲಾಗುತ್ತದೆ, ಐದು ಕಾರಣಗಳಲ್ಲಿ ಮಿಥ್ಯಾದರ್ಶನವನ್ನು ಮೊದಲು ಎಣಿಸಿದುದು ವ್ಯರ್ಥವಲ್ಲ. ಕುಂದಕುಂದನ ಭೇದವಿಜ್ಞಾನಕ್ಕೂ ಉಮಾಸ್ವಾಮಿಯ ಆಚಾರಕ್ರಮಕ್ಕೂ ಅವುಗಳದೇ ಮೆಟ್ಟಿಲುಗಳನ್ನು ಗೊತ್ತುಮಾಡಿ, ನೇಮಿಚಂದ್ರನು ಇಬ್ಬರನ್ನೂ ಒಂದೇ ಏಣಿಯಲ್ಲಿ ನಿಲ್ಲಿಸಿದನು.

ಈ ಲೆಕ್ಕವು ಕನ್ನಡದ ಮೂಲಕವೇ ಉತ್ತರಭಾರತಕ್ಕೆ ಹೋಯಿತೆಂಬುದನ್ನೂ ಹೇಳಬೇಕು. ಅಭಯಚಂದ್ರನ ಶಿಷ್ಯನಾದ ಕೇಶವವರ್ಣಿಯು 1359ರಲ್ಲಿ ಗೊಮ್ಮಟಸಾರಕ್ಕೆ ಜೀವತತ್ತ್ವಪ್ರದೀಪಿಕೆಯೆಂಬ ಕರ್ಣಾಟವೃತ್ತಿಯನ್ನು ಬರೆದನು. ಅದನ್ನನುಸರಿಸಿ ಮತ್ತೊಬ್ಬ ನೇಮಿಚಂದ್ರನು ಸಂಸ್ಕೃತಟೀಕೆಯನ್ನು ರಚಿಸಿದನು. ಆ ಸಂಸ್ಕೃತವನ್ನು ಆಧರಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲನು ತನ್ನ ದೇಶಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ಬರೆದನು. ಸಂಸ್ಕೃತಟೀಕೆಯೇ ಕೇಶವವರ್ಣಿಯದೆಂದು ಬಹುಕಾಲ ನಡೆದುಬಂದ ಭ್ರಮೆಯನ್ನು ಹೋಗಲಾಡಿಸಿ ಕನ್ನಡವೃತ್ತಿಯ ಮೂಲತ್ವವನ್ನು ತೋರಿಸಿಕೊಟ್ಟವರು ಆ. ನೇ. ಉಪಾಧ್ಯೆಯವರು. ಕರ್ಮಸಿದ್ಧಾಂತದಂಥ ಗಣಿತಪ್ರಾಯವಾದ ಶಾಸ್ತ್ರವನ್ನು ಹದಿನಾಲ್ಕನೆಯ ಶತಮಾನದ ಕನ್ನಡವು ಹೊತ್ತು ನಡೆಸಿದ ಮೇಲೆ, ಶಾಸ್ತ್ರಕ್ಕೆ ನಮ್ಮ ಭಾಷೆ ಸಾಲದೆಂಬ ಕೊರಗಿಗೆ ಆಧಾರವಿಲ್ಲ.

ಸಲ್ಲೇಖನದ, ಎಂದರೆ ಅನಶನದಿಂದ ದೇಹವನ್ನು ಬಿಡುವ ವ್ರತದ, ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಮಾತ್ರ ಹೇಳುತ್ತೇನೆ. ಬೆಳ್ಗೊಳದ ಶಾಸನಗಳು ಅದರಿಂದ ತುಂಬಿವೆ. ಹೊಯ್ಸಳ ರಾಣಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಅವಳ ತಾಯಿ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದು ಒಂದು ತಿಂಗಳ ಅನಶನದಿಂದ ದೇಹವನ್ನು ಬಿಟ್ಟುದನ್ನು ಸವತಿಗಂಧವಾರಣ ಬಸದಿಯ ಶಾಸನವು ಹೇಳುತ್ತದೆ. ಅನಶನವು ಒಂದು ತಪಸ್ಸು, ತಪಸ್ಸು ಪ್ರಧಾನವಾಗಿ ನಿರ್ಜರೆಯ ಸಾಧನ. ಆದರೆ ಅದರಿಂದ ಸಂವರವೂ ಆಗುವುದೆಂದು ಸೂತ್ರಕಾರನು ಪ್ರತ್ಯೇಕವಾಗಿ ವಿಧಿಸಿದ್ದಾನೆ. ಕೊನೆಯ ದಿನಗಳಲ್ಲಿ ಆಹಾರದೊಡನೆ ಕಷಾಯವೂ ಕೃಶವಾಗಬೇಕೆಂಬ ನಿಯಮವೇ ಸಲ್ಲೇಖನವನ್ನು ದುಃಖದಿಂದ ಪ್ರಾಣ ಕಳೆದುಕೊಳ್ಳುವುದರಿಂದ ಬೇರ್ಪಡಿಸುತ್ತದೆ.

ಇನ್ನು ಉಳಿದದ್ದು ಗೃಹಸ್ಥನ ಮಾತು. ಈ ಪಂಚಮಕಾಲದಲ್ಲಿ ಭರತಕ್ಷೇತ್ರದ ಮನುಷ್ಯನು ಏಳನೆಯ ಗುಣಸ್ಥಾನವನ್ನು ಮೀರಿ ಏರಲಾರನೆಂಬುದು ದಿಗಂಬರಾಮ್ನಾಯದ ನಂಬಿಕೆ. ಮೇಲಿನ ಲೆಕ್ಕದಂತೆ ಅಲ್ಲಿಗೆ ತಡೆಯಾಗಿರುವುವು 120ರಲ್ಲಿ 61. ಅವುಗಳಲ್ಲಿ 41 ದೃಷ್ಟಿಶುದ್ಧಿಯಿಂದಲೂ 10 ಅಣುವ್ರತದಿಂದಲೂ ಒದಗಿದುವಾದ್ದರಿಂದ, 51ರವರೆಗೆ ತಲಪಲು ಮನೆ ಮಠ ಬಿಡಬೇಕಾದುದಿಲ್ಲ. ಸೋಸಿದ ನೀರನ್ನು ಕುಡಿಯುವ, ಇರುಳೂಟ ಬಿಟ್ಟ, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವ, ದಿನಕ್ಕೊಮ್ಮೆ ಸಾಮಾಯಿಕಕ್ಕೆ ಕುಳ್ಳಿರುವ, ನೋಂಪಿಗಳನ್ನು ನೋಂತು ಮುಗಿಸುವ ಹೆಂಗಸು ಗಂಡಸರು ಈ ಸೀಮೆಯಲ್ಲಿ ಎಂದೂ ಇಲ್ಲದಾಗಲಿಲ್ಲ. ಅವರ ವ್ರತ ಆಸ್ರವವೋ ಸಂವರವೋ ಎಂಬ ಹಳೆಯ ತೊಡಕಿಗೆ ನನಗೆ ಒಪ್ಪಿತವಾದ ಸಮಾಧಾನವು ಅಮೃತಚಂದ್ರಸೂರಿಯ ಪುರುಷಾರ್ಥಸಿದ್ಧ್ಯುಪಾಯದಲ್ಲಿದೆ. ಒಂದೇ ಆಚರಣೆಯಲ್ಲಿ ಎಷ್ಟು ಅಂಶ ಶುದ್ಧವಾದ ದರ್ಶನ ಜ್ಞಾನ ಚಾರಿತ್ರವೋ ಅಷ್ಟರಿಂದ ಬಂಧವಿಲ್ಲ, ಎಷ್ಟು ಅಂಶ ರಾಗವೋ ಅಷ್ಟರಿಂದ ಬಂಧವುಂಟು ಎಂದು ಅವನು ಅಂಶ ಅಂಶವಾಗಿ ಬಿಡಿಸಿಕೊಟ್ಟನು. ಶೈವನಾದ ಮಂತ್ರಿ ಚಂದ್ರಮೌಳಿಯ ಪತ್ನಿಯೂ ನಯಕೀರ್ತಿ ಬಾಲಚಂದ್ರರ ಪರಂಪರೆಯ ಶ್ರಾವಕಿಯೂ ಆದ ಆಚಿಯಕ್ಕನು 1181ರಲ್ಲಿ ಬೆಳ್ಗೊಳದಲ್ಲಿ ಅಕ್ಕನ ಬಸದಿಯನ್ನು ಕಟ್ಟಿಸಿದಳು. ಜಿನಭಕ್ತಿಯ ಪ್ರಶಸ್ತರಾಗವೆಷ್ಟೋ ಅಷ್ಟು ಪುಣ್ಯವು ಅವಳತ್ತ ಹರಿಯಿತು, ಧನದ ಮೇಲಣ ಮಮತೆಯು ಎಷ್ಟು ಸಡಿಲಿತೋ ಅಷ್ಟು ಲೋಭದ ಬಾಗಿಲು ಮುಚ್ಚಿತು. ಎರಡೂ ಒಂದೇ ಕ್ರಿಯೆಯಲ್ಲಿ, ಒಂದೇ ಕಾಲದಲ್ಲಿ ನಡೆದುವು.